ಐದಕ್ಷರದ ಇಂಗ್ಲಿಷ್ ಪದಗಳೂ ನಮ್ಮ ಬಾಲಿಕೆಯರೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಮುಖ್ಯೋಪಾಧ್ಯಾಯಿನಿಯಿಂದ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಸಾಮಾನ್ಯವಾಗಿ ನಿರೀಕ್ಷಿಸುವುದು ಶಾಲೆಯ ಅಭಿವೃದ್ಧಿಯ ವೃತ್ತಾಂತವನ್ನೆಂಬುದು ನಮಗೆ ತಿಳಿಯದಿರಲಿಲ್ಲ. ಆ ವೃತ್ತಾಂತವು ಬೇರೆ ಪುಟಗಳಲ್ಲಿ ಬಂದಿದೆ. ಇಲ್ಲಿ ನಾವು ಹೇಳಹೊರಟಿರುವುದು ನೋಡುವುದಕ್ಕೆ ಅತಿ ಸಣ್ಣದಾದ ಒಂದು ವಿಷಯ. ಇಷ್ಟೇ ಅಕ್ಷರಗಳುಳ್ಳ, ಇಂತಿಂಥ ಅಕ್ಷರಗಳನ್ನೊಳಗೊಂಡ ಇಂಗ್ಲಿಷ್ ಪದಗಳನ್ನು ಹುಡುಕುವ ಆಟವೇ ಅದು. ಈ ಆಟವು ಇಂದು ಮನೆಮನೆಗಳಲ್ಲಿಯೂ ನಡೆಯುತ್ತಿದೆ. ಅದರಿಂದ ಮಕ್ಕಳಿಗೆ ಲಾಭವುಂಟೆಂದು ಕೆಲವರೂ, ಕಾಲಹರಣವೆಂದು ಕೆಲವರೂ ನಮ್ಮೊಡನೆ ವಾದಿಸಿರುವರು. ನಮ್ಮ ಅಭಿಪ್ರಾಯವು ಈ ಎರಡಕ್ಕೂ ಸ್ವಲ್ಪ ಬೇರೆ. ಆ ಅಭಿಪ್ರಾಯವು ನಮಗೆ ಪುಸ್ತಕದಿಂದ ಬಂದುದಲ್ಲ. ನಾವೇ ಮಾಡಿದ ಒಂದು ತಪ್ಪಿನಿಂದ ಬಂದುದು. ಆದುದರಿಂದ ಮೊದಲು ತಪ್ಪನ್ನೇ ಹೇಳಿಬಿಡುವೆವು.

2022ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಹತ್ತನೆಯ ತರಗತಿಯ ಬಾಲಿಕೆಯರಿಗೆ ಒಂದು ಸ್ಪರ್ಧೆಯನ್ನು ಏರ್ಪಡಿಸಿದೆವು. ‘ಆರ್’ ಎಂಬ ಅಕ್ಷರವೂ ‘ವೈ’ ಎಂಬ ಅಕ್ಷರವೂ ಇರುವ, ಐದೇ ಅಕ್ಷರಗಳ ಇಂಗ್ಲಿಷ್ ಪದಗಳನ್ನು ಮನೆಯಲ್ಲಿ ಬರೆದು ತರಬೇಕು. ಅತಿ ಹೆಚ್ಚು ಪದಗಳನ್ನು ತಂದವಳಿಗೆ ಒಂದು ಇಂಗ್ಲಿಷ್–ಕನ್ನಡ ನಿಘಂಟು ಬಹುಮಾನ. ಇಷ್ಟೇ ನಮ್ಮ ನಿಯಮ. ಮರುದಿನ ಒಬ್ಬ ಬಾಲಿಕೆಯು ನೂರಕ್ಕೂ ಮೀರಿದ ಪದಗಳನ್ನು ದುಂಡಾದ ಅಕ್ಷರದಲ್ಲಿ ಬರೆದು ತಂದಳು. ಪದಗಳೆಲ್ಲವೂ ಅಕಾರಾದಿಯಾಗಿ, ನಿಘಂಟಿನಲ್ಲಿರುವಂತೆ ಒಂದರ ಕೆಳಗೊಂದು ಸಾಲಾಗಿ ನಿಂತಿದ್ದುವು. ಆ ಕ್ರಮವನ್ನು ನೋಡಿಯೇ ನಾವು ಎಚ್ಚರಗೊಳ್ಳಬೇಕಾಗಿದ್ದಿತು. ನೆನಪಿನಿಂದ ಎದ್ದು ಬರುವ ಮಾತುಗಳು ಹಾಗೆ ಸಾಲುಗಟ್ಟಿ ಬರುವುದಿಲ್ಲ.

ಮತ್ತೊಬ್ಬ ಬಾಲಿಕೆಯು ತಂದುದು ಹದಿನೈದು ಪದಗಳು ಮಾತ್ರ. ಅದೂ ರಫ್ ಪುಸ್ತಕದಿಂದ ಹರಿದ ಒಂದು ಹಾಳೆಯಲ್ಲಿ. ಮೊದಲು ‘ಸಾರಿ’ ಎಂದು ಬರೆದಿದ್ದಳು. ಕ್ಷಮೆ ಕೇಳುವಾಗ ನಾವೆಲ್ಲರೂ ಆಡುವ ಮಾತು. ಅದರ ಮಗ್ಗುಲಲ್ಲಿ ‘ವರಿ’, ‘ಹರಿ’, ‘ಕ್ಯಾರಿ’, ‘ಮ್ಯಾರಿ’ ಇದ್ದುವು. ಇವೆಲ್ಲವೂ ಎರಡು ‘ಆರ್’ ಮತ್ತು ಒಂದು ‘ವೈ’ಗಳಿಂದ ಮುಗಿಯುವ ಒಂದೇ ಮನೆತನದವು. ಅನಂತರ ‘ಪಾರ್ಟಿ’, ‘ಡರ್ಟಿ’, ‘ಫಾರ್ಟಿ’. ಇವು ‘ಆರ್, ಟಿ, ವೈ’ ಎಂದು ಮುಗಿಯುವ ಇನ್ನೊಂದು ಮನೆತನ. ಆಮೇಲೆ ‘ಸ್ಟೋರಿ’, ‘ರೆಡಿ’, ‘ಅರ್ಲಿ’, ‘ಆಂಗ್ರಿ’, ‘ಎವ್ರಿ’. ಕೊನೆಯಲ್ಲಿ ‘ಡೈರಿ’ ಎಂಬುದನ್ನು ಬರೆದು, ಹೊಡೆದು, ಮಧ್ಯದ ‘ಎ’ ಮತ್ತು ‘ಐ’ಗಳನ್ನು ಅದಲುಬದಲು ಮಾಡಿ ಬರೆದು, ಹೊಡೆದುದನ್ನು ಪುನಃ ಕೆಳಗೆ ಬರೆದಿದ್ದಳು. ಕಾಗುಣಿತ ತಿಳಿಯದೆ ತಡವರಿಸಿರುವಳೆಂದೆಣಿಸಿ ನಾವು ಆ ಎರಡನ್ನೂ ಒಂದೇ ಪದವಾಗಿ ಲೆಕ್ಕ ಹಾಕಿ ಹದಿನಾಲ್ಕು ಎಂದು ಗುರುತು ಮಾಡಿದೆವು. ನಿಘಂಟು ನೂರು ಪದಗಳ ಬಾಲಿಕೆಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿನೈದು ಪದಗಳವಳೂ ತಟ್ಟಿದಳು.

ಅದೇ ವಾರದಲ್ಲಿ ಶಾಲೆಯ ಕ್ರಿಸ್ಮಸ್ ನಾಟಕದ ಅಭ್ಯಾಸ ನಡೆಯುತ್ತಿದ್ದಿತು. ಬಹುಮಾನ ಪಡೆದ ಬಾಲಿಕೆಯು ಮೂಡಣ ದೇಶದ ಮೂವರು ಜೋಯಿಸರಲ್ಲಿ ಒಬ್ಬಳಾಗಿ, ರಕ್ತಬೋಳದ ಕರಡಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು ಬರುವ ಪಾತ್ರವನ್ನು ವಹಿಸಿದ್ದಳು. ಆಕೆಯ ಪಟ್ಟಿಯಲ್ಲಿ ‘ಎಂ, ವೈ, ಆರ್, ಆರ್, ಎಚ್’ ಎಂಬ ಐದಕ್ಷರಗಳ ಪದವೊಂದಿದ್ದಿತು. ಎ, ಇ, ಐ, ಓ, ಯು ಎಂಬ ಸ್ವರಗಳಲ್ಲಿ ಒಂದೂ ಇಲ್ಲದ ವಿಚಿತ್ರವಾದ ಪದ. “ಇದರ ಅರ್ಥವೇನಮ್ಮಾ?” ಎಂದು ಕೇಳಿದೆವು. “ಗೊತ್ತಿಲ್ಲ, ಟೀಚರ್. ಅಪ್ಪನ ಫೋನಿನಲ್ಲಿ ಪಟ್ಟಿ ಸಿಕ್ಕಿತು, ಅದನ್ನು ನೋಡಿ ಬರೆದೆ” ಎಂದು ಆಕೆಯು ಯಾವ ಕಪಟವೂ ಇಲ್ಲದೆ ಉತ್ತರ ಕೊಟ್ಟಳು. ಆ ಪದದ ಅರ್ಥವೇ ರಕ್ತಬೋಳ. ಕೈಯಲ್ಲಿ ವಸ್ತುವಿದ್ದಿತು, ಕಾಗದದಲ್ಲಿ ಅದರ ಹೆಸರಿದ್ದಿತು, ಎರಡಕ್ಕೂ ಪರಿಚಯವಿರಲಿಲ್ಲ.

ಇನ್ನೊಬ್ಬಳನ್ನೂ ಕರೆದು ‘ಡೈರಿ’ಯ ವಿಷಯವನ್ನು ಕೇಳಿದೆವು. “ಅಮ್ಮ ದಿನಾ ಹಾಲು ಹಾಕುವುದು ಡೈರಿಗೆ, ಟೀಚರ್. ಬರೆಯುವ ಪುಸ್ತಕವೂ ಡೈರಿಯೇ. ಕನ್ನಡದಲ್ಲಿ ಎರಡೂ ಒಂದೇ. ಇಂಗ್ಲಿಷಿನಲ್ಲಿಯೂ ಒಂದೆಯೋ ಎಂದು ಅಮ್ಮನ ಹಾಲಿನ ಪುಸ್ತಕವನ್ನೂ ಅಣ್ಣನ ಹಳೆಯ ಡೈರಿಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ‘ಎ’ಯೂ ‘ಐ’ಯೂ ಜಾಗ ಬದಲಾಯಿಸಿವೆ” ಎಂದಳು. ಅಂದರೆ ನಾವು ತಡವರಿಕೆಯೆಂದು ತಿಳಿದುದು ಸಂಶೋಧನೆಯಾಗಿದ್ದಿತು. ಬಹುಮಾನವನ್ನು ಕೊಟ್ಟಾಗಿದ್ದಿತು, ಇನ್ನೊಬ್ಬ ಬಾಲಿಕೆಯ ಮುಖವನ್ನು ಬಾಡಿಸುವುದಕ್ಕೆ ಮನಸ್ಸು ಬರಲಿಲ್ಲ. “ಒಳ್ಳೆಯದು, ಹೋಗಮ್ಮಾ” ಎಂದು ಹೇಳಿ ಕಳುಹಿಸಿಬಿಟ್ಟೆವು. 2023ರಲ್ಲಿ ಆಕೆಯು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಾಲೆಯನ್ನು ಬಿಟ್ಟು ಹೋದಳು. ಅಂದಿನಿಂದಲೂ ಆ ಹರಿದ ಹಾಳೆಯು ನಮ್ಮ ಮೇಜಿನ ಸೆಳೆಖಾನೆಯಲ್ಲಿಯೇ ಇದೆ.

ತಪ್ಪು ಪಟ್ಟಿ ತಂದ ಬಾಲಿಕೆಯದಲ್ಲ, ಆಕೆಯ ತಂದೆಯದೂ ಅಲ್ಲ. ಫೋನು ನೋಡಬಾರದೆಂದು ನಾವು ಹೇಳಿರಲಿಲ್ಲ. ಮಗಳು ಗೆಲ್ಲಲೆಂದು ತಂದೆಯು ಕೈಲಾದ ಸಹಾಯವನ್ನು ಮಾಡಿದನು. ತಪ್ಪು ನಮ್ಮದು. ಎಣಿಸುವುದು ಸುಲಭವೆಂದು ಎಣಿಕೆಯನ್ನೇ ಅಳತೆಯನ್ನಾಗಿ ಇಟ್ಟುಕೊಂಡೆವು; ಯಾವುದನ್ನು ಅಳೆಯಬೇಕಾಗಿದ್ದಿತೋ ಅದನ್ನು ಬಿಟ್ಟೆವು. ಹಾಗಾದರೆ ಅಳೆಯಬೇಕಾದುದು ಯಾವುದು? ಅದನ್ನು ಹೇಳುವುದಕ್ಕೆ ಮುಂಚೆ, ಈ ಆಟವು ಎಲ್ಲಿಂದ ಬಂದಿತೆಂಬುದನ್ನು ಸ್ವಲ್ಪ ನೋಡೋಣ.

1877ರ ಕ್ರಿಸ್ಮಸ್ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಅಕ್ಕತಂಗಿಯರು, ತಮಗೆ ಮಾಡುವುದಕ್ಕೆ ಕೆಲಸವಿಲ್ಲ, ಏನಾದರೂ ಒಗಟುಗಳನ್ನು ಕೊಡಿರೆಂದು ಒಬ್ಬ ಗಣಿತೋಪಾಧ್ಯಾಯರನ್ನು ಕೇಳಿಕೊಂಡರು. ಆ ಉಪಾಧ್ಯಾಯರು ಲೂಯಿ ಕ್ಯಾರಲ್ ಎಂಬ ಹೆಸರಿನಿಂದ ಆಲಿಸಳ ಕಥೆಯನ್ನು ಬರೆದವರು. ಅವರು ಆ ಬಾಲಿಕೆಯರಿಗಾಗಿ ರಚಿಸಿದ ಆಟವು 1879ರಲ್ಲಿ ‘ವ್ಯಾನಿಟಿ ಫೇರ್’ ಎಂಬ ಪತ್ರಿಕೆಯಲ್ಲಿ ‘ಡಬ್ಲೆಟ್ಸ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಸಮಾನ ಸಂಖ್ಯೆಯ ಅಕ್ಷರಗಳುಳ್ಳ ಎರಡು ಪದಗಳನ್ನು ಕೊಡುವುದು. ಒಂದು ಸಲಕ್ಕೆ ಒಂದೇ ಅಕ್ಷರವನ್ನು ಬದಲಾಯಿಸುತ್ತ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದು. ನಡುವಿನ ಪ್ರತಿಯೊಂದು ಮೆಟ್ಟಿಲೂ ನಿಜವಾದ ಪದವಾಗಿರಬೇಕು. ತಲೆಯನ್ನು ಬಾಲವನ್ನಾಗಿ ಮಾಡಬೇಕಾದರೆ ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್ ಎಂದು ನಾಲ್ಕಕ್ಷರದ ಪದಗಳ ಮೇಲೆ ಕಾಲಿಟ್ಟು ನಡೆಯಬೇಕು. ಆ ಅಕ್ಕತಂಗಿಯರಲ್ಲಿ ಜೂಲಿಯಾ ಆರ್ನಲ್ಡ್ ಎಂಬಾಕೆಗೆ ಆಗ ಹದಿನೈದು ವರ್ಷ. ಆಕೆಯು ಮುಂದೆ ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಹಕ್ಸ್ಲಿ ಮನೆತನಕ್ಕೆ ಸೊಸೆಯಾಗಿ, ಗ್ರಂಥಕರ್ತರಾದ ಆಲ್ಡಸ್ ಹಕ್ಸ್ಲಿಯವರ ತಾಯಿಯಾದಳು. 1902ರಲ್ಲಿ ಸರ್ರಿ ಪ್ರಾಂತದಲ್ಲಿ ಪ್ರಯರ್ಸ್ ಫೀಲ್ಡ್ ಎಂಬ ಬಾಲಿಕಾ ಪಾಠಶಾಲೆಯನ್ನು ಸ್ಥಾಪಿಸಿದವಳೂ ಆಕೆಯೇ. ಆಟದಿಂದಲೇ ಶಾಲೆ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಬಿಡುವಿನ ವೇಳೆಯಲ್ಲಿ ಒಗಟನ್ನು ಬೇಡಿದ ಬಾಲಿಕೆಯೊಬ್ಬಳು ದೊಡ್ಡವಳಾಗಿ ಇತರ ಬಾಲಿಕೆಯರಿಗೆ ವಿದ್ಯೆಯ ಮನೆಯನ್ನು ಕಟ್ಟಿದಳೆಂಬುದು ಬಾಲಿಕಾ ಪಾಠಶಾಲೆಯವರಾದ ನಮಗೆ ಹಿತವಾದ ಸಂಗತಿಯಲ್ಲವೆ?

1930ರ ದಶಕದಲ್ಲಿ, ಅಮೇರಿಕೆಯಲ್ಲಿ ಉದ್ಯೋಗಗಳು ಕುಸಿದುಹೋಗಿದ್ದ ಕಾಲದಲ್ಲಿ, ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಕಟ್ಟಡಶಿಲ್ಪಿಯು ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರವು ಎಷ್ಟು ಸಲ ಬರುವುದೆಂದು ಎಣಿಸಿದನು. ಆ ಎಣಿಕೆಯಿಂದ ಹುಟ್ಟಿದ ಆಟವೇ 1948ರಲ್ಲಿ ‘ಸ್ಕ್ರಾಬಲ್’ ಎಂಬ ಹೆಸರನ್ನು ಪಡೆಯಿತು. ಅದರ ನೂರು ಬಿಲ್ಲೆಗಳಲ್ಲಿ ‘ಇ’ ಅಕ್ಷರದವು ಹನ್ನೆರಡು. ‘ಕ್ಯೂ’ ಮತ್ತು ‘ಜ಼ೆಡ್’ ಒಂದೊಂದೇ. ಅಪರೂಪವಾದವುಗಳಿಗೆ ಬೆಲೆ ಹೆಚ್ಚು: ‘ಇ’ಗೆ ಒಂದು ಅಂಕ, ‘ಕ್ಯೂ’ಗೂ ‘ಜ಼ೆಡ್’ಗೂ ಹತ್ತು ಹತ್ತು.

ಇಂದು ಮನೆಮನೆಗಳಲ್ಲಿ ನಡೆಯುತ್ತಿರುವ ‘ವರ್ಡಲ್’ ಎಂಬ ಆಟವು ಇವುಗಳ ಕಿರಿಯ ತಂಗಿ. ಜಾಷ್ ವಾರ್ಡಲ್ ಎಂಬುವರು ತಮ್ಮ ಸಂಗಾತಿಯಾದ ಪಾಲಕ್ ಶಾ ಅವರ ವಿನೋದಕ್ಕಾಗಿ ಇದನ್ನು ರಚಿಸಿ 2021ರ ಅಕ್ಟೋಬರಿನಲ್ಲಿ ಎಲ್ಲರ ಮುಂದಿಟ್ಟರು. 2022ರ ಜನವರಿ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಅದನ್ನು ಕ್ರಯಕ್ಕೆ ಕೊಂಡರು. ದಿನಕ್ಕೊಂದೇ ಗುಪ್ತಪದ, ಅದರಲ್ಲಿ ಐದಕ್ಷರ, ಕಂಡುಹಿಡಿಯುವುದಕ್ಕೆ ಆರು ಅವಕಾಶ. ಊಹಿಸಿದ ಅಕ್ಷರವು ಸರಿಯಾದ ಸ್ಥಾನದಲ್ಲಿದ್ದರೆ ಹಸಿರು, ಪದದಲ್ಲಿದ್ದು ಬೇರೆ ಸ್ಥಾನದಲ್ಲಿದ್ದರೆ ಹಳದಿ, ಇಲ್ಲವೇ ಇಲ್ಲವಾದರೆ ಬೂದಿ ಬಣ್ಣ. ಈ ಆಟದ ಹುಟ್ಟಿನಲ್ಲಿಯೇ ನಮ್ಮ ವಾದಕ್ಕೆ ಬೇಕಾದ ಒಂದು ಸಾಕ್ಷ್ಯವಿದೆ. ಇಂಗ್ಲಿಷಿನ ಐದಕ್ಷರದ ಪದಗಳ ಪಟ್ಟಿಯಲ್ಲಿ ಸುಮಾರು 12,000 ಪದಗಳಿದ್ದುವು. ಅದನ್ನು ಪಾಲಕ್ ಶಾ ಅವರ ಮುಂದಿಟ್ಟು, ಪರಿಚಿತವಾದವುಗಳನ್ನು ಆರಿಸಿದಾಗ ಗುಪ್ತಪದಗಳಾಗಲು ಯೋಗ್ಯವಾಗಿ ಉಳಿದುವು ಸುಮಾರು 2,500 ಮಾತ್ರ. ಉಳಿದ ಒಂಬತ್ತು ಸಾವಿರಕ್ಕೂ ಮೀರಿದ ಪದಗಳು ನಿಘಂಟಿನಲ್ಲಿರುವುವು, ಮನುಷ್ಯರ ಬಾಯಿಯಲ್ಲಿಲ್ಲ. ಪಟ್ಟಿಯ ಉದ್ದವು ಭಾಷೆಯ ಅಳತೆಯಲ್ಲವೆಂಬುದನ್ನು ಆಟವನ್ನು ಮಾಡಿದವರೇ ಮೊದಲು ಕಂಡುಕೊಂಡಿದ್ದರು. ಮುಖ್ಯೋಪಾಧ್ಯಾಯಿನಿಯರಾದ ನಾವು ಕಂಡುಕೊಳ್ಳಲಿಲ್ಲ.

ಈಗ ನಮ್ಮ ಬಾಲಿಕೆಯರ ಕಡೆಗೆ ಬರೋಣ. ಕನ್ನಡದ ಮನೆಯಿಂದ ಬರುವ ಬಾಲಿಕೆಗೆ ಇಂಗ್ಲಿಷ್ ಕಾಗುಣಿತವು ಏಕೆ ಕಷ್ಟ? ಬುದ್ಧಿ ಕಡಿಮೆಯಾದುದರಿಂದಲ್ಲ, ಆಕೆಯು ಮೊದಲು ಕಲಿತ ಲಿಪಿಯು ಬಹು ಪ್ರಾಮಾಣಿಕವಾದುದಾದುದರಿಂದ. ನಮ್ಮ ಲಿಪಿಯಲ್ಲಿ ನುಡಿದಂತೆ ಬರೆಯುವೆವು, ಬರೆದಂತೆ ಓದುವೆವು. ಅಲ್ಲದೆ ನಾವು ‘ಅಕ್ಷರ’ವೆನ್ನುವುದೂ ಅವರು ಅಕ್ಷರವೆನ್ನುವುದೂ ಒಂದೇ ಅಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಅದರಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಅಡಗಿವೆ. ‘ವಿಕಟಕವಿ’ ಎಂಬುದು ಐದಕ್ಷರದ ಪದ. ಹಿಂದಿನಿಂದ ಓದಿದರೂ ವಿಕಟಕವಿಯೇ. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹತ್ತಕ್ಷರವಾಗುವುದು; ಹಿಂದಿನಿಂದ ಓದಿದರೆ ‘ಐ’ಯಿಂದ ಆರಂಭವಾಗಿ ಬೇರೆಯೇ ಆಗುವುದು. ಆದುದರಿಂದ ‘ಐದಕ್ಷರದ ಪದ’ವೆಂದು ಹೇಳಿದೊಡನೆ ನಮ್ಮ ಬಾಲಿಕೆಯು ಎಣಿಕೆಯ ಕ್ರಮವನ್ನೇ ಬದಲಾಯಿಸಿಕೊಳ್ಳಬೇಕಾಗುವುದು. ಇದು ಸಾಮಾನ್ಯವಾದ ವ್ಯಾಯಾಮವಲ್ಲ.

ಇಂಗ್ಲಿಷಿನ ಬರಹವಾದರೋ ನುಡಿಯಿಂದ ದೂರ ಸರಿದುಹೋಗಿದೆ. ವಿಲಿಯಂ ಕ್ಯಾಕ್ಸ್ಟನ್ನನು 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಪದಗಳ ರೂಪವು ಕ್ರಮೇಣ ಅಚ್ಚಿನಲ್ಲಿ ನಿಂತುಬಿಟ್ಟಿತು. ಆದರೆ ಜನರ ಉಚ್ಚಾರಣೆಯು ಬದಲಾಗುತ್ತಲೇ ಹೋಯಿತು. ಹಿಂದೆ ಬಾಯಿಯಲ್ಲಿದ್ದ ಧ್ವನಿಗಳು ಇಂದು ಕಾಗದದಲ್ಲಿ ಮಾತ್ರ ಉಳಿದಿವೆ. ಟಫ್, ರಫ್, ಕಾಫ್, ಡೋ, ಬೌ ಎಂಬ ಐದು ಪದಗಳನ್ನು ನೋಡಿರಿ. ಐದೂ ಐದಕ್ಷರದವು, ಐದರ ಕೊನೆಯ ನಾಲ್ಕಕ್ಷರಗಳೂ ‘ಓ, ಯು, ಜಿ, ಎಚ್’. ಮುಖವೊಂದೇ, ದನಿ ನಾಲ್ಕು ಬಗೆ. ಹಾರ್ಟ್ ಎಂದರೆ ಹೃದಯ, ಅರ್ತ್ ಎಂದರೆ ಭೂಮಿ. ಕನ್ನಡದಲ್ಲಿ ಬರೆದರೆ ಇವೆರಡಕ್ಕೂ ನಂಟಿರುವುದು ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ ಅವೇ ಐದಕ್ಷರಗಳು. ‘ಎಚ್’ ಮೊದಲಲ್ಲಿದ್ದರೆ ಹೃದಯ, ಕೊನೆಗೆ ಹೋದರೆ ಭೂಮಿ. ಕಿವಿಯೊಂದನ್ನೇ ನಂಬಿದ ಬಾಲಿಕೆಗೆ ಈ ಗುಟ್ಟು ದೊರೆಯುವುದಿಲ್ಲ. ಕಣ್ಣನ್ನೂ ಕೈಯನ್ನೂ ಜೊತೆಗೂಡಿಸಿಕೊಂಡು ಅಕ್ಷರಗಳನ್ನು ಎತ್ತಿ ಇಳಿಸಿ ನೋಡಿದವಳಿಗೆ ದೊರೆಯುವುದು. ಪದ ಹುಡುಕುವ ಆಟದ ನಿಜವಾದ ಪ್ರಯೋಜನವು ಇದು.

ಇನ್ನೊಂದು ಮಾತನ್ನು ಪೋಷಕರು ವಿಶೇಷವಾಗಿ ಗಮನಿಸಬೇಕೆಂದು ಬೇಡುವೆವು. “ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು, ಈ ಆಟವು ನಮ್ಮ ಮಗಳಿಗೆ ಸಾಧ್ಯವೇ?” ಎಂದು ತಾಯಂದಿರು ಸಂಕೋಚದಿಂದ ಕೇಳುವುದುಂಟು. ಅಮ್ಮಂದಿರೇ, ನಿಮ್ಮ ಬಾಯಿಯಲ್ಲಿ ದಿನವೂ ಎಷ್ಟು ಇಂಗ್ಲಿಷ್ ಪದಗಳು ಓಡಾಡುತ್ತಿರುವುವೆಂದು ಎಣಿಸಿದ್ದೀರಾ? ಟೇಬಲು, ಚೇರು, ಪ್ಲೇಟು, ಗ್ಲಾಸು, ಫೋನು, ಪೇಪರು, ನರ್ಸು, ಕೋರ್ಟು, ಟ್ರೇನು, ಬ್ರಶ್ಶು. ಇವೆಲ್ಲವೂ ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು. ತರಗತಿಯೊಳಗೆ ಬಂದರೆ ಕ್ಲಾಸು, ಬೋರ್ಡು, ಬೆಂಚು, ಚಾಕು, ಸ್ಲೇಟು, ಇವೂ ಐದಕ್ಷರದವೇ. ಬಸ್ಸಿನ ಕಂಡಕ್ಟರನು ಕೂಗುವ ‘ರೈಟ್’ ಸಹ ಐದಕ್ಷರದ್ದು. ಆ ‘ರೈಟ್’ ಎಂಬುದರ ಮೊದಲನೆಯ ಅಕ್ಷರವನ್ನು ಮಾತ್ರ ಬದಲಾಯಿಸಿದರೆ ಲೈಟ್, ನೈಟ್, ಫೈಟ್, ಮೈಟ್, ಟೈಟ್, ಸೈಟ್ ಎಂದು ಆರು ಪದಗಳೂ, ದನಿಯಲ್ಲಿ ಬೇರೆಯಾದರೂ ರೂಪದಲ್ಲಿ ಅದೇ ಮನೆತನದ ಏಟ್ ಎಂಬ ಎಂಟರ ಸಂಖ್ಯೆಯೂ ದೊರೆಯುವುವು. ಇಲ್ಲಿಯ ‘ಸೈಟ್’ ಮನೆ ಕಟ್ಟುವ ಸೈಟಲ್ಲ, ನೋಟವೆಂಬ ಅರ್ಥದ್ದು. ಮನೆಯ ಸೈಟಿಗೆ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಹೀಗೆ ಬಾಲಿಕೆಯ ಕಿವಿಯಲ್ಲಿ ಪದಗಳು ಆಗಲೇ ತುಂಬಿವೆ. ಅವುಗಳ ಬರಹದ ರೂಪವನ್ನು ಮಾತ್ರ ಆಕೆಗೆ ಕಾಣಿಸಬೇಕಾಗಿದೆ. ಇಂಗ್ಲಿಷ್ ಮಾತಾಡುವ ಮನೆಯ ಹುಡುಗಿಗೂ ಹಾಲು ಹಾಕುವ ಮನೆಯ ಹುಡುಗಿಗೂ ಈ ಆಟದಲ್ಲಿ ನಾವೆಣಿಸುವಷ್ಟು ಅಂತರವಿಲ್ಲ. ಅಂತರವು ಹುಟ್ಟುವುದು ಒಬ್ಬಳಿಗೆ ಹುಡುಕುವ ದಾರಿಯನ್ನು ತೋರಿಸಿ, ಇನ್ನೊಬ್ಬಳಿಗೆ ತೋರಿಸದೆ ಬಿಟ್ಟಾಗ.

ಹುಡುಕುವ ದಾರಿಯು ಗುಪ್ತವಿದ್ಯೆಯೇನೂ ಅಲ್ಲ. ಇಂಗ್ಲಿಷಿನಲ್ಲಿ ‘ಕ್ಯೂ’ ಬಂದರೆ ಅದರ ಹಿಂದೆಯೇ ‘ಯು’ ಬರುವುದು ವಾಡಿಕೆ. ‘ವಿ’ ಎಂಬ ಅಕ್ಷರದಿಂದ ಸಾಮಾನ್ಯವಾಗಿ ಪದವು ಮುಗಿಯುವುದಿಲ್ಲ. ಮುಗಿಯಬೇಕಾದರೆ ‘ಇ’ಯ ಆಶ್ರಯವನ್ನು ಪಡೆಯುವುದು. ಎಲ್ಲಕ್ಕಿಂತ ಹೆಚ್ಚಾಗಿ ಬರುವ ಅಕ್ಷರ ‘ಇ’. ‘ಸ್ಲೇಟ್’ ಎಂಬ ಪದದ ಐದಕ್ಷರಗಳೂ ಆಗಾಗ ಬರುವಂಥವು. ಅವನ್ನೇ ಹಿಂದುಮುಂದಾಗಿ ಜೋಡಿಸಿದರೆ ಲೀಸ್ಟ್, ಸ್ಟೇಲ್, ಸ್ಟೀಲ್, ಟೇಲ್ಸ್ ಎಂಬ ನಾಲ್ಕು ಪದಗಳಾಗುವುವು. ಇಲ್ಲಿಯ ಸ್ಟೀಲ್ ಎಂದರೆ ಕದಿಯುವುದು. ಪಾತ್ರೆಯ ಸ್ಟೀಲಿನಲ್ಲಿ ‘ಎ’ ಇಲ್ಲ, ಎರಡು ‘ಇ’ಗಳಿವೆ. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಬಾಲಿಕೆಯರು ತಾವೇ ಮುಂದಿನದನ್ನು ಕಾಣುವರು. ‘ಹೀಗಿದ್ದರೆ ಹೀಗಾಗಬೇಕು, ಹೀಗಾಗದಿದ್ದರೆ ಆ ದಾರಿ ಮುಚ್ಚಿತು’ ಎಂದು ಒಂದೊಂದನ್ನೇ ಅಳಿಸುತ್ತ ಹೋಗುವುದು ಗಣಿತದ ಬುದ್ಧಿಯೂ ಹೌದು. ಸಿದ್ಧ ಪಟ್ಟಿಯನ್ನು ತೆರೆದೊಡನೆ ಈ ಕೆಲಸವೆಲ್ಲವೂ ನಿಂತುಹೋಗುವುದು. ಪದಗಳು ಬರುವುವು, ಅವುಗಳ ಕಡೆಗೆ ನಡೆದ ನಡಿಗೆಯು ಬರುವುದಿಲ್ಲ.

ಕನ್ನಡದ ಅಭಿಮಾನಿಗಳಾದ ಕೆಲವು ಹಿರಿಯರು, “ಪರಭಾಷೆಯ ಅಕ್ಷರಗಳನ್ನು ಜೋಡಿಸುವ ಈ ಹುಚ್ಚು ನಮ್ಮ ಮಕ್ಕಳಿಗೇಕೆ?” ಎಂದು ಕೇಳಿರುವರು. ಅವರಿಗೆ ನಮ್ಮ ಉತ್ತರವಿದು: ಗೊತ್ತಾದ ಅಳತೆಯೊಳಗೆ ಗೊತ್ತಾದ ಅಕ್ಷರವನ್ನು ಗೊತ್ತಾದ ಸ್ಥಾನದಲ್ಲಿ ತರುವ ವಿದ್ಯೆಯು ನಮಗೆ ಹೊಸತಲ್ಲ. ನಾವು ಶಾಲೆಯಲ್ಲಿ ಓದಿದ ಷಟ್ಪದಿಗಳನ್ನು ಜ್ಞಾಪಿಸಿಕೊಳ್ಳಿರಿ. ಆರು ಸಾಲುಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕು. ಭಾಮಿನಿಯಾದರೆ ಮೊದಲ ಸಾಲಿನಲ್ಲಿ ಹದಿನಾಲ್ಕೇ ಮಾತ್ರೆಗಳಿರಬೇಕು. ಕುಮಾರವ್ಯಾಸನೂ ಲಕ್ಷ್ಮೀಶನೂ ಇಂಥ ಕಟ್ಟಿನೊಳಗೇ ಪದಗಳನ್ನು ಹುಡುಕಿ ತಂದರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸದ ನಿರ್ಬಂಧವನ್ನು ಬಿಟ್ಟುಕೊಟ್ಟಾಗ ಅದು ದೊಡ್ಡ ಸಾಹಸವೆನ್ನಿಸಿಕೊಂಡಿತು. ಕಟ್ಟು ಅಷ್ಟು ಬಲವಾಗಿದ್ದಿತು. ಆ ಕವಿಗಳಿಗೂ ಪಟ್ಟಿಗಳಿದ್ದಿರಬಹುದು, ಕೋಶಗಳಿದ್ದುವು. ಆದರೆ ಪದವನ್ನು ತಂದು ಸಾಲಿನಲ್ಲಿ ನಿಲ್ಲಿಸುವಾಗ ಅದರ ಅರ್ಥವನ್ನು ಅವರು ಬಲ್ಲವರಾಗಿದ್ದರು. ಅರ್ಥವನ್ನು ಬಿಟ್ಟ ಅಕ್ಷರಕ್ರೀಡೆಯನ್ನು ನಾವೂ ಒಪ್ಪುವುದಿಲ್ಲ. ಅರ್ಥದೊಡನೆ ಕೂಡಿದುದಾದರೆ ಅದು ಇಂಗ್ಲಿಷಾದರೇನು, ಕನ್ನಡವಾದರೇನು? ನಮ್ಮ ಬಾಲಿಕೆಯರು ‘ಎರಡನೆಯ ಅಕ್ಷರ ಲಕಾರವಾಗಿರುವ ಮೂರಕ್ಷರದ ಕನ್ನಡ ಪದಗಳನ್ನು’ ಹುಡುಕಲೆಂದು ಈಗ ನಾವು ಅದೇ ಆಟವನ್ನು ಕನ್ನಡದ ಪಾಠದಲ್ಲಿಯೂ ಆಡಿಸುತ್ತಿರುವೆವು. ಮಲಗು, ಬಲಿತ, ಹಲಸು, ಕೆಲಸ ಎಂದು ಅವರು ಕೂಗುವಾಗ ತರಗತಿಯು ಮಳೆಗಾಲದ ಕೆರೆಯಂತಾಗುವುದು.

ಮತ್ತೆ ಕೆಲವರು, “ಪಟ್ಟಿಯನ್ನು ನೋಡಿದರೆ ಕೆಡುಕೇನು? ನಿಘಂಟೂ ಒಂದು ಪಟ್ಟಿಯೇ ಅಲ್ಲವೆ?” ಎನ್ನುವರು. ಪ್ರಶ್ನೆಯು ನ್ಯಾಯವಾದುದು. ನಾವು ಪಟ್ಟಿಯ ದ್ವೇಷಿಗಳಲ್ಲ. ಫರ್ಡಿನೆಂಡ್ ಕಿಟ್ಟೆಲರು ವರ್ಷಾನುಗಟ್ಟಲೆ ದುಡಿದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿಗೆ ನಮ್ಮಂಥ ಶಾಲೆಗಳು ಎಷ್ಟು ಋಣಿಯಾಗಿರುವುವೆಂಬುದನ್ನು ಹೇಳಬೇಕಾದುದಿಲ್ಲ. ಆದರೆ ನಿಘಂಟಿನಲ್ಲಿ ಪದದ ಮಗ್ಗುಲಲ್ಲಿ ಅರ್ಥವಿದೆ, ಪ್ರಯೋಗವಿದೆ. ಫೋನಿನ ಸಿದ್ಧ ಪಟ್ಟಿಯಲ್ಲಿರುವುದು ಬರಿಯ ಅಸ್ಥಿಪಂಜರಗಳ ಸಾಲು. ಅಲ್ಲದೆ ಪಟ್ಟಿಯು ಹುಡುಕಿದ ಮೇಲೆ ಸರಿನೋಡುವುದಕ್ಕೆ ಉತ್ತಮ. ಹುಡುಕುವ ಮೊದಲೇ ತೆರೆದರೆ ಲೆಕ್ಕದ ಪುಸ್ತಕದ ಕೊನೆಯ ಪುಟದ ಉತ್ತರವನ್ನು ನೋಡಿ ಬರೆದಂತೆ. ಪಟ್ಟಿಗಳೂ ಎಲ್ಲ ಕಡೆಯಲ್ಲಿ ಒಂದೇ ಆಗಿರುವುದಿಲ್ಲ. 2022ರ ಜನವರಿ 12ರಂದು ವರ್ಡಲ್ ಆಟದ ಉತ್ತರವು ‘ಫೇವರ್’ ಎಂಬುದಾಗಿದ್ದಿತು. ಅಮೇರಿಕೆಯವರ ಬರಹದಲ್ಲಿ ಅದು ಐದಕ್ಷರ, ನಾವು ಕಲಿಸುವ ಬ್ರಿಟಿಷ್ ಬರಹದಲ್ಲಿ ‘ಯು’ ಸೇರಿ ಆರಕ್ಷರ. ಬ್ರಿಟನ್ನಿನ ಆಟಗಾರರು ಬಹಳ ಗೊಣಗಿದರು. ಪಟ್ಟಿಯನ್ನು ಕಣ್ಣುಮುಚ್ಚಿ ನಕಲು ಮಾಡಿದ ಬಾಲಿಕೆಗೆ ಈ ಭೇದವು ತಿಳಿಯದು. ಪರೀಕ್ಷೆಯಲ್ಲಿ ಅಂಕವು ಹೋದಾಗ ಏಕೆ ಹೋಯಿತೆಂಬುದೂ ತಿಳಿಯದು.

ಇವೆಲ್ಲವನ್ನೂ ಯೋಚಿಸಿ 2023ರಿಂದ ನಮ್ಮ ಶಾಲೆಯ ಸ್ಪರ್ಧೆಯ ನಿಯಮಗಳನ್ನು ಬದಲಾಯಿಸಿರುವೆವು. ಒಂದು: ಹುಡುಕುವುದು ಮನೆಯಲ್ಲಲ್ಲ, ತರಗತಿಯಲ್ಲಿ, ಇಪ್ಪತ್ತು ನಿಮಿಷ, ಪೆನ್ಸಿಲು, ಕಾಗದ. ಎರಡು: ಪ್ರತಿ ಪದಕ್ಕೂ ಕನ್ನಡದಲ್ಲಿ ಅರ್ಥವನ್ನು ಬರೆಯಬೇಕು, ಅರ್ಥವಿಲ್ಲದ ಪದಕ್ಕೆ ಅಂಕವಿಲ್ಲ. ಮೂರು: ತಾನು ಕಂಡುಹಿಡಿದ ಒಂದು ಪದವನ್ನು ಆರಿಸಿಕೊಂಡು, ಅದು ಹೇಗೆ ದೊರೆಯಿತೆಂಬುದನ್ನು ಎದ್ದು ನಿಂತು ಎರಡು ಮಾತುಗಳಲ್ಲಿ ಹೇಳಬೇಕು. ನಾಲ್ಕು: ಹೊಡೆದುಹಾಕಿದ ಪದಗಳನ್ನು ಅಳಿಸಕೂಡದು, ಅವನ್ನೂ ನಾವು ಓದುವೆವು. ಈ ನಾಲ್ಕನೆಯ ನಿಯಮವು ಎಲ್ಲಿಂದ ಬಂದಿತೆಂಬುದನ್ನು ಓದುಗರು ಊಹಿಸಬಲ್ಲರು. ಬಹುಮಾನಕ್ಕೆ ಬರುವ ಪದಗಳ ಸಂಖ್ಯೆಯು ಈಗ ಕಡಿಮೆ. ಆದರೆ ಮೊದಲು ಬಾಯಿ ತೆರೆಯದಿದ್ದ ಬಾಲಿಕೆಯರು ಎದ್ದು ನಿಂತು ಮಾತಾಡುತ್ತಿರುವರು.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗಳು ಪದ ಸಿಕ್ಕದೆ ಹ್ಯಾಪುಮೋರೆ ಹಾಕಿ ಕುಳಿತಾಗ ಒಡನೆ ಫೋನನ್ನು ಚಾಚದಿರಿ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. “ಇದರ ಅರ್ಥವೇನು, ನನಗೂ ಹೇಳು” ಎಂದು ಕೇಳಿದರೆ ಸಾಕು. ಮನೆಯಲ್ಲಿರುವ ಸೋಪಿನ ಕಾಗದ, ರೇಷನ್ ಚೀಟಿ, ಔಷಧದ ಡಬ್ಬಿ, ಹಾಲಿನ ಪುಸ್ತಕ ಇವೆಲ್ಲವೂ ಆಕೆಗೆ ಪಾಠಪುಸ್ತಕಗಳೇ. ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಬೇಡಿಕೆಯಿದೆ: ನಿಮ್ಮ ಕಪಾಟಿನಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ನಿಘಂಟುಗಳಿದ್ದರೆ, ಹಾಳೆ ಮಡಚಿದ್ದರೂ ಬೆನ್ನು ಹರಿದಿದ್ದರೂ ಸರಿಯೆ, ಶಾಲೆಗೆ ಕಳುಹಿಸಿಕೊಡಿರಿ. ಪ್ರತಿ ತರಗತಿಯ ಕಿಟಕಿಯ ಮೇಲೆ ಒಂದೊಂದನ್ನಿಡಬೇಕೆಂದು ನಮ್ಮ ಆಸೆ.

ಕೊನೆಯದಾಗಿ ಒಂದು ಮಾತು. ಈ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ಹೋಗುವುದು. ಆದುದರಿಂದ ಆ ಹದಿನೈದು ಪದಗಳ ಬಾಲಿಕೆಗೂ ತಲಪುವುದೆಂದು ನಂಬಿರುವೆವು. ನಿನ್ನ ಹೆಸರನ್ನು ಇಲ್ಲಿ ಬರೆದಿಲ್ಲಮ್ಮಾ. ಆದರೆ ನಿನ್ನ ಹಾಳೆಯನ್ನು ನೀನೇ ಗುರುತಿಸುವೆ. ಅಂದು ನಿನಗೆ ಹದಿನಾಲ್ಕು ಎಂದು ಹಾಕಿದ ಗುರುತು ತಪ್ಪು. ಅದನ್ನು ಹದಿನೈದು ಎಂದು ತಿದ್ದಿರುವೆವು. ತರಗತಿಯ ಮುಂದೆ ಅದೇ ದಿನ ಹೇಳಬೇಕಾಗಿದ್ದುದನ್ನು ಇಷ್ಟು ತಡವಾಗಿ ಈ ಪುಟದಲ್ಲಿ ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ. ನಿನ್ನ ಹೆಸರು ಬರೆದ ಒಂದು ನಿಘಂಟು ಶಾಲೆಯ ಕಚೇರಿಯಲ್ಲಿದೆ. ಬಿಡುವಾದಾಗ ಬಂದು ತೆಗೆದುಕೊಂಡು ಹೋಗು. ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಬಾ.